ತಿರುವಿನಲ್ಲಿ ದ್ವಿಚಕ್ರ ವಾಹನದ ಸ್ಥಿರತೆ: ಸವಾರ, ವಾಹನ ಮತ್ತು ಗ್ರಾಮೀಣ ರಸ್ತೆ

(ಗ್ರಾಮ ಪಂಚಾಯಿತಿ ಸದಸ್ಯರ ಅಧ್ಯಯನಕ್ಕಾಗಿ)

ಗ್ರಾಮ ಪಂಚಾಯಿತಿಯ ದೈನಂದಿನ ಆಡಳಿತವು ಬಹುಮಟ್ಟಿಗೆ ದ್ವಿಚಕ್ರ ವಾಹನದ ಮೇಲೆಯೇ ನಡೆಯುತ್ತದೆ. ನಸುಕಿನಲ್ಲಿ ಕೊಳವೆಬಾವಿಯ ಮೋಟಾರು ಚಾಲನೆ ಮಾಡಲು ಹೊರಡುವ ನೀರುಗಂಟಿ, ತೆರಿಗೆ ವಸೂಲಿಗೆ ಊರೂರು ಸುತ್ತುವ ಬಿಲ್ ಕಲೆಕ್ಟರ್, ತಾಲ್ಲೂಕು ಕೇಂದ್ರದ ಸಭೆಗೆ ಒಂದೇ ವಾಹನದಲ್ಲಿ ಇಬ್ಬರಾಗಿ ತೆರಳುವ ಸದಸ್ಯರು, ಡೈರಿಗೆ ಹಾಲಿನ ಕ್ಯಾನ್ ಸಾಗಿಸುವ ರೈತರು ಇವರೆಲ್ಲರೂ ಏರುವುದು ಹೆಚ್ಚುಕಡಿಮೆ ಒಂದೇ ಬಗೆಯ, 100ರಿಂದ 125 ಸಿ.ಸಿ. ಸಾಮರ್ಥ್ಯದ ಬೈಕನ್ನು. ಇವರಲ್ಲಿ ಯಾರಾದರೂ ತಿರುವೊಂದರಲ್ಲಿ ಬಿದ್ದರೆ ಸ್ಥಳದಲ್ಲಿ ಸೇರಿದವರಿಂದ ಸಾಮಾನ್ಯವಾಗಿ ಎರಡು ಮಾತುಗಳು ಕೇಳಿಬರುತ್ತವೆ. ಒಂದು, ‘ವೇಗವಾಗಿ ಬಂದ’ ಎಂಬುದು. ಇನ್ನೊಂದು, ‘ಹಣೆಬರಹ’ ಎಂಬುದು. ಎರಡರಲ್ಲಿ ಯಾವ ಮಾತು ಬಂದರೂ ವಿಚಾರಣೆ ಅಲ್ಲಿಗೆ ಮುಗಿಯುತ್ತದೆ. ಕೆಲವು ತಿಂಗಳುಗಳ ನಂತರ ಅದೇ ಜಾಗದಲ್ಲಿ ಮತ್ತೊಬ್ಬರು ಬಿದ್ದಾಗ ಅದೇ ಮಾತು ಪುನರಾವರ್ತನೆಯಾಗುತ್ತದೆ.

ಬೈಕು ತಿರುವಿನಲ್ಲಿ ಹೇಗೆ ನಿಲ್ಲುತ್ತದೆ ಮತ್ತು ಏಕೆ ಜಾರುತ್ತದೆ ಎಂಬುದನ್ನು ಸರಳ ಲೆಕ್ಕದಿಂದ ಅರಿಯಬಹುದು. ಆ ಲೆಕ್ಕದಲ್ಲಿ ಸವಾರನ ಪಾಲು ಎಷ್ಟು, ವಾಹನದ ಪಾಲು ಎಷ್ಟು, ರಸ್ತೆಯ ಪಾಲು ಎಷ್ಟು ಎಂಬುದೂ ಸ್ಪಷ್ಟವಾಗುತ್ತದೆ. ಮೂರನೆಯ ಪಾಲಿಗೆ ಗ್ರಾಮ ಪಂಚಾಯಿತಿಯೇ ಹೊಣೆಗಾರ. ಸಂವಿಧಾನದ 11ನೇ ಅನುಸೂಚಿಯ 13ನೇ ವಿಷಯವು ರಸ್ತೆ, ಮೋರಿ, ಸೇತುವೆಗಳಿಗೆ ಸಂಬಂಧಿಸಿದುದು. ಗ್ರಾಮದ ರಸ್ತೆಗಳ ನಿರ್ವಹಣೆಯು ಕರ್ನಾಟಕದ 1993ರ ಪಂಚಾಯತ್ ರಾಜ್ ಅಧಿನಿಯಮದನ್ವಯ ಗ್ರಾಮ ಪಂಚಾಯಿತಿಯ ಪ್ರಕಾರ್ಯಗಳಲ್ಲಿ ಸೇರಿದೆ.

ಕೆರೆ ಏರಿಯ ತಿರುವು

ವಿಷಯವನ್ನು ಒಂದು ಮಾದರಿ ತಿರುವಿನ ಮೂಲಕ ನೋಡುವುದು ಅನುಕೂಲಕರ. ಬಯಲುಸೀಮೆಯ ಬಹಳಷ್ಟು ಗ್ರಾಮಗಳಿಗೆ ದಾರಿ ಕೆರೆ ಏರಿಯ ಮೇಲೆ ಹಾದುಬರುತ್ತದೆ. ಏರಿಯುದ್ದಕ್ಕೂ ರಸ್ತೆ ನೇರ. ಏರಿ ಮುಗಿದು ಕೋಡಿ ಬಂದಲ್ಲಿ ರಸ್ತೆ ಇಳಿಜಾರಾಗಿ, ಅಚ್ಚುಕಟ್ಟಿನ ಕಡೆಗೆ, ಅಂದರೆ ಬಲಕ್ಕೆ, ಹೊರಳುತ್ತದೆ. ಎಡಗಡೆ, ತಿರುವಿನ ಹೊರಬದಿಯಲ್ಲಿ, ಕೋಡಿಯ ಹಳ್ಳ. ಬಲಗಡೆ, ಒಳಬದಿಯಲ್ಲಿ, ಆಳೆತ್ತರದ ಲಂಟಾನ ಪೊದೆ. ಡಾಂಬರಿನ ಅಗಲ 3.75 ಮೀಟರ್. ತಿರುವಿನ ತ್ರಿಜ್ಯ ಸುಮಾರು 30 ಮೀಟರ್ ಎಂದಿಟ್ಟುಕೊಳ್ಳಬಹುದು. ಏರಿಯ ನೇರ ರಸ್ತೆಯಲ್ಲಿ ಗಂಟೆಗೆ 50 ಕಿಲೋಮೀಟರ್ ವೇಗ ಗಳಿಸಿದ ಸವಾರನು ಇಳಿಜಾರಿನಲ್ಲಿ ಅದೇ ವೇಗದೊಡನೆ ಈ ತಿರುವಿಗೆ ಬರುತ್ತಾನೆ. ಇಂತಹ ತಿರುವಿಲ್ಲದ ಪಂಚಾಯಿತಿ ವಿರಳ.

ಎತ್ತಿನಗಾಡಿಯಾಗಲಿ ಟ್ರ್ಯಾಕ್ಟರಾಗಲಿ ತಿರುವಿನಲ್ಲಿ ವಾಲಬೇಕಾಗಿಲ್ಲ. ಎರಡು ಚಕ್ರದ ವಾಹನ ವಾಲಲೇಬೇಕು. ತಿರುಗುವಾಗ ವಾಹನವನ್ನೂ ಸವಾರನನ್ನೂ ಹೊರಕ್ಕೆ ಉರುಳಿಸಲು ನೋಡುವ ಪರಿಣಾಮವನ್ನು, ಒಳಕ್ಕೆ ವಾಲಿದ ದೇಹಭಾರವು ಸರಿದೂಗಿಸುತ್ತದೆ. ವಾಲುವಿಕೆ ಎಷ್ಟಿರಬೇಕೆಂಬುದು ವೇಗ ಮತ್ತು ತ್ರಿಜ್ಯಗಳಿಂದ ನಿರ್ಧಾರವಾಗುತ್ತದೆ. ಇಲ್ಲಿ ಮುಖ್ಯವಾದ ಅಂಶವೆಂದರೆ ವೇಗವು ಲೆಕ್ಕದೊಳಗೆ ವರ್ಗವಾಗಿ ಪ್ರವೇಶಿಸುತ್ತದೆ. ವೇಗ ಎರಡು ಪಟ್ಟಾದರೆ ತಿರುವು ಬೇಡುವ ಹಿಡಿತ ನಾಲ್ಕು ಪಟ್ಟಾಗುತ್ತದೆ.

30 ಮೀಟರ್ ತ್ರಿಜ್ಯದ ಮೇಲಿನ ತಿರುವಿನಲ್ಲಿ ಗಂಟೆಗೆ 30 ಕಿಲೋಮೀಟರ್ ವೇಗಕ್ಕೆ ಬೈಕು ಸುಮಾರು 13 ಡಿಗ್ರಿ ವಾಲಿದರೆ ಸಾಕು. 40ಕ್ಕೆ 23 ಡಿಗ್ರಿ, 50ಕ್ಕೆ 33 ಡಿಗ್ರಿ, 60ಕ್ಕೆ 43 ಡಿಗ್ರಿ ವಾಲಬೇಕು. ಟೈರು ರಸ್ತೆಯಿಂದ ಪಡೆಯಬೇಕಾದ ಅಡ್ಡ ಹಿಡಿತವನ್ನು ಒಟ್ಟು ಭಾರದ ಅಂಶವಾಗಿ ಹೇಳುವುದಾದರೆ, 30ರ ವೇಗಕ್ಕೆ 0.24, 40ಕ್ಕೆ 0.42, 50ಕ್ಕೆ 0.66, 60ಕ್ಕೆ 0.94. ಒಣಗಿದ, ಸ್ವಚ್ಛವಾದ ಡಾಂಬರಿನ ಮೇಲೆ ಉತ್ತಮ ಟೈರಿಗೆ ದೊರೆಯುವ ಹಿಡಿತ ಸುಮಾರು 0.7ರಿಂದ 0.8. ಮಳೆಯಲ್ಲಿ ಅದು 0.4 ಅಥವಾ 0.5ರ ಆಸುಪಾಸಿಗೆ ಇಳಿಯುತ್ತದೆ. ಡಾಂಬರಿನ ಮೇಲೆ ಹರಡಿದ ಸಡಿಲ ಜಲ್ಲಿ, ಕೆಸರು, ಹುಲ್ಲು ಅಥವಾ ಪಾಚಿಯ ಮೇಲೆ ಇನ್ನೂ ಬಹಳ ಕಡಿಮೆ.

ಈ ಎರಡು ಸಾಲು ಅಂಕಿಗಳನ್ನು ಒಟ್ಟಿಗಿಟ್ಟು ನೋಡಿದರೆ ಅಪಘಾತದ ಕಾರಣ ಗೋಚರಿಸುತ್ತದೆ. ಬೇಸಿಗೆಯಲ್ಲಿ ಪ್ರತಿದಿನವೂ 45ರ ವೇಗದಲ್ಲಿ ಈ ತಿರುವನ್ನು ದಾಟುವ ಸವಾರನು ತಪ್ಪು ಮಾಡುತ್ತಿದ್ದೇನೆಂದು ಭಾವಿಸುವುದಿಲ್ಲ, ಏಕೆಂದರೆ ರಸ್ತೆ ಅವನನ್ನು ಹಿಡಿದು ನಿಲ್ಲಿಸಿದೆ. ಮುಂಗಾರಿನ ಮೊದಲ ಮಳೆ ಬಿದ್ದು ಧೂಳು ಮತ್ತು ಎಣ್ಣೆಯ ಜಿಡ್ಡು ಕಲಸಿಕೊಂಡ ದಿನ ಅದೇ ಸವಾರ, ಅದೇ ವೇಗದಲ್ಲಿ, ಅದೇ ಜಾಗದಲ್ಲಿ ಬೀಳುತ್ತಾನೆ. ‘ದಿನಾ ಓಡಾಡುವ ದಾರಿ, ಅವನಿಗೆ ಗೊತ್ತಿಲ್ಲದ್ದೇನು?’ ಎಂದು ಊರವರು ಅಚ್ಚರಿಪಡುತ್ತಾರೆ. ಅವನಿಗೆ ದಾರಿ ಗೊತ್ತಿತ್ತು. ಆ ದಿನದ ಹಿಡಿತ ಮಾತ್ರ ಗೊತ್ತಿರಲಿಲ್ಲ.

ಒಂದೇ ಅನುದಾನ, ಎರಡು ವೆಚ್ಚ

ತಿರುವಿನ ಮಧ್ಯದಲ್ಲಿ ಬ್ರೇಕ್ ಹಾಕಬಾರದು ಎಂಬ ಬುದ್ಧಿವಾದವನ್ನು ಎಲ್ಲರೂ ಕೇಳಿದ್ದಾರೆ. ಕಾರಣವನ್ನು ಪಂಚಾಯಿತಿಯ ಲೆಕ್ಕಪತ್ರದ ಭಾಷೆಯಲ್ಲಿಯೇ ಹೇಳಬಹುದು. ಟೈರಿಗೆ ರಸ್ತೆ ನೀಡುವ ಹಿಡಿತವು ಒಂದು ನಿಗದಿತ ಅನುದಾನವಿದ್ದಂತೆ. ತಿರುಗುವುದಕ್ಕೂ, ನಿಲ್ಲುವುದಕ್ಕೂ, ವೇಗ ಹೆಚ್ಚಿಸುವುದಕ್ಕೂ ಅದರಿಂದಲೇ ವೆಚ್ಚವಾಗಬೇಕು. ಪೂರಕ ಅನುದಾನವಿಲ್ಲ.

ಆದರೆ ಇಲ್ಲಿ ವೆಚ್ಚವು ನೇರ ಕೂಡುವಿಕೆಯಿಂದ ಆಗುವುದಿಲ್ಲ, ಲಂಬಕೋನ ತ್ರಿಭುಜದ ಬಾಹುಗಳಂತೆ ಆಗುತ್ತದೆ. ಒಟ್ಟು ಹಿಡಿತ 10 ಪಾಲು ಇದ್ದು, ತಿರುಗಲು 8 ಪಾಲು ಬಳಕೆಯಾಗಿದ್ದರೆ ಬ್ರೇಕಿಗೆ 6 ಪಾಲು ಉಳಿದಿರುತ್ತದೆ. ಇದು ಸಮಾಧಾನಕರವೇ. ತಿರುಗಲು ಒಂಬತ್ತೂವರೆ ಪಾಲು ಹೋಗಿದ್ದರೆ ಮಾತ್ರ ಉಳಿಯುವುದು 3 ಪಾಲು. ಎದುರಿಗೆ ಎಮ್ಮೆ ಅಡ್ಡ ಬಂದಾಗ ಗಾಬರಿಯಿಂದ ಹಿಡಿಯುವ ಮುಂದಿನ ಬ್ರೇಕು ಅದಕ್ಕಿಂತ ಹೆಚ್ಚನ್ನು ಬೇಡುತ್ತದೆ. ಮುಂಚಕ್ರ ಜಾರುತ್ತದೆ. ಹಿಂಚಕ್ರ ಜಾರಿದರೆ ಕೆಲವೊಮ್ಮೆ ಸಾವರಿಸಿಕೊಳ್ಳಬಹುದು. ವಾಲಿದ ಬೈಕಿನ ಮುಂಚಕ್ರ ಜಾರಿದರೆ ಸಾವರಿಸಿಕೊಳ್ಳಲು ಸಮಯವೇ ದೊರೆಯುವುದಿಲ್ಲ.

2019ರ ಏಪ್ರಿಲ್ 1ರಿಂದ 125 ಸಿ.ಸಿ. ಮೀರಿದ ಹೊಸ ದ್ವಿಚಕ್ರ ವಾಹನಗಳಿಗೆ ಎ.ಬಿ.ಎಸ್., ಅದಕ್ಕಿಂತ ಕೆಳಗಿನವುಗಳಿಗೆ ಎರಡೂ ಬ್ರೇಕುಗಳನ್ನು ಜೋಡಿಸುವ ವ್ಯವಸ್ಥೆ ಅಥವಾ ಎ.ಬಿ.ಎಸ್. ಕಡ್ಡಾಯವಾಗಿದೆ. ಇದು ಸ್ವಾಗತಾರ್ಹ. ಆದರೂ ಸಾಮಾನ್ಯ ಎ.ಬಿ.ಎಸ್. ಮುಖ್ಯವಾಗಿ ನೆಟ್ಟಗಿರುವ ವಾಹನದ ಚಕ್ರ ಕಟ್ಟಿಕೊಳ್ಳದಂತೆ ತಡೆಯುವ ಸಾಧನವೇ ಹೊರತು, ಇಲ್ಲದ ಹಿಡಿತವನ್ನು ಸೃಷ್ಟಿಸುವ ಸಾಧನವಲ್ಲ. ಹಳೆಯ ಬೈಕುಗಳೇ ಹೆಚ್ಚಿರುವ ಗ್ರಾಮಗಳಲ್ಲಿ ಅದನ್ನು ನೆಚ್ಚಿ ಕೂರುವಂತೆಯೂ ಇಲ್ಲ.

ಹ್ಯಾಂಡಲ್ ತಿರುಗುವ ದಿಕ್ಕು

ಬೈಕನ್ನು ಬಲಕ್ಕೆ ವಾಲಿಸಬೇಕಾದರೆ ಸವಾರನು ಮೊದಲು ಹ್ಯಾಂಡಲನ್ನು ಕ್ಷಣಮಾತ್ರ ಎಡಕ್ಕೆ ತಿರುಗಿಸುತ್ತಾನೆ. ಕೇಳಿದವರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಇದನ್ನು ಒಪ್ಪುವುದಿಲ್ಲ, ಆದರೆ ಅವರೆಲ್ಲರ ಕೈಗಳೂ ಇದನ್ನೇ ಮಾಡುತ್ತಿರುತ್ತವೆ. ಚಕ್ರಗಳು ಎಡಕ್ಕೆ ಸರಿದಾಗ ಮೇಲಿನ ಭಾರ ಬಲಕ್ಕೆ ಉಳಿಯುತ್ತದೆ. ವಾಹನ ಬಲಕ್ಕೆ ವಾಲುತ್ತದೆ. ಆಮೇಲೆ ಮುಂಚಕ್ರ ತಾನಾಗಿಯೇ ಬಲಕ್ಕೆ ಹೊರಳಿ ತಿರುವನ್ನು ಹಿಡಿಯುತ್ತದೆ. ವಿಮಾನ ನಿರ್ಮಿಸಿದ ಸಹೋದರರಲ್ಲಿ ಹಿರಿಯನಾದ, ಸೈಕಲ್ ಅಂಗಡಿ ನಡೆಸುತ್ತಿದ್ದ ವಿಲ್ಬರ್ ರೈಟ್ ಹಲವಾರು ಸೈಕಲ್ ಸವಾರರಿಗೆ ಈ ಪ್ರಶ್ನೆ ಹಾಕಿ ನೋಡಿದ್ದರು. ಮೊದಲ ಸಲಕ್ಕೇ ಪೂರ್ಣವಾಗಿ ಸರಿಯಾದ ಉತ್ತರ ಕೊಟ್ಟವರು ಒಬ್ಬರೂ ದೊರೆಯಲಿಲ್ಲವೆಂದು ಅವರು ದಾಖಲಿಸಿದ್ದಾರೆ. ಓಡುವ ಚಕ್ರದ ಬುಗುರಿಯಂತಹ ಗುಣವೇ ಬೈಕನ್ನು ನಿಲ್ಲಿಸುತ್ತದೆ ಎಂಬ ಶಾಲಾ ವಿವರಣೆಯೂ ಅಪೂರ್ಣವೇ. ಆ ಗುಣವನ್ನು ಸಂಪೂರ್ಣವಾಗಿ ರದ್ದುಪಡಿಸಿದ ಸೈಕಲ್ಲೊಂದು ಸವಾರನಿಲ್ಲದೆಯೂ ಬೀಳದೆ ಸಾಗುವುದನ್ನು 2011ರಲ್ಲಿ ಡೆಲ್ಫ್ಟ್ ಮತ್ತು ಕಾರ್ನೆಲ್ ವಿಶ್ವವಿದ್ಯಾಲಯಗಳ ಸಂಶೋಧಕರು ತೋರಿಸಿದರು.

ಇದು ಕೇವಲ ಕುತೂಹಲದ ವಿಷಯವಲ್ಲ. ಬಲ ತಿರುವಿನಲ್ಲಿ ವೇಗ ಹೆಚ್ಚಾಯಿತೆಂದು ಅರಿವಾದ ಸವಾರನು ಗಾಬರಿಯಿಂದ ಹ್ಯಾಂಡಲನ್ನು ಬಲಕ್ಕೆ ಎಳೆದರೆ ಬೈಕು ನೆಟ್ಟಗೆದ್ದು ನೇರವಾಗಿ ಹೊರಬದಿಗೆ, ಅಂದರೆ ಕೋಡಿಯ ಹಳ್ಳಕ್ಕೆ, ಸಾಗುತ್ತದೆ. ಬಲಗೈಯ ಹಿಡಿಯನ್ನು ಮೆಲ್ಲಗೆ ಮುಂದಕ್ಕೆ ಒತ್ತಿದರೆ ಇನ್ನಷ್ಟು ವಾಲಿ ತಿರುವಿನೊಳಗೇ ಉಳಿಯುತ್ತದೆ, ರಸ್ತೆ ಒಣಗಿ ಸ್ವಚ್ಛವಾಗಿದ್ದರೆ. ವಾಹನ ಸಂಚಾರವಿಲ್ಲದ ನೇರ ರಸ್ತೆಯಲ್ಲಿ ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಒಂದು ಹಿಡಿಯನ್ನು ತುಸುವೇ ಒತ್ತಿ, ಬೈಕು ಆ ಕಡೆಗೇ ವಾಲುವುದನ್ನು ಪ್ರತಿಯೊಬ್ಬ ಸವಾರನೂ ಒಮ್ಮೆ ಪರೀಕ್ಷಿಸಿಕೊಳ್ಳುವುದು ಒಳಿತು.

ಸವಾರನ ಇತರ ಕರ್ತವ್ಯಗಳು ಹೆಚ್ಚಿಲ್ಲ. ವೇಗವನ್ನು ತಿರುವಿಗೆ ಮುನ್ನವೇ, ಬೈಕು ನೆಟ್ಟಗಿರುವಾಗಲೇ, ಎರಡೂ ಬ್ರೇಕು ಬಳಸಿ ಇಳಿಸಬೇಕು. ಗೇರನ್ನೂ ಆಗಲೇ ಬದಲಿಸಬೇಕು. ತಿರುವಿನುದ್ದಕ್ಕೂ ಆಕ್ಸಿಲರೇಟರನ್ನು ಒಂದೇ ಸಮನೆ ಹಿಡಿದಿರಬೇಕು. ಮೊಣಕಾಲುಗಳು ಪೆಟ್ರೋಲ್ ಟ್ಯಾಂಕಿಗೆ ಒತ್ತಿರಬೇಕು, ಕೈಗಳು ಸಡಿಲವಾಗಿರಬೇಕು. ದೃಷ್ಟಿ ತಿರುವಿನ ಕೊನೆಯ ಕಡೆಗಿರಬೇಕು, ಏಕೆಂದರೆ ಹಳ್ಳವನ್ನೇ ನೋಡುವ ಸವಾರ ಹಳ್ಳಕ್ಕೇ ಹೋಗುತ್ತಾನೆ. ಹಿಂಬದಿ ಸವಾರರು ವಾಹನದೊಡನೆ ವಾಲಬೇಕು. ಬೀಳುವ ಭಯದಿಂದ ವಿರುದ್ಧ ದಿಕ್ಕಿಗೆ ಬಾಗುವ ಹಿಂಬದಿ ಸವಾರರಿಂದ ಬೈಕು ಇನ್ನಷ್ಟು ವಾಲಬೇಕಾಗುತ್ತದೆ. ಪಂದ್ಯದ ಸವಾರರಂತೆ ರಸ್ತೆಯ ಅಗಲವನ್ನೆಲ್ಲ ಬಳಸಿ ತಿರುವನ್ನು ಸಡಿಲಗೊಳಿಸುವ ವಿಧಾನ ನಮ್ಮ ರಸ್ತೆಗಳಿಗೆ ಹೊಂದುವುದಿಲ್ಲ. 3.75 ಮೀಟರ್ ಅಗಲದಲ್ಲಿ ಎದುರಿನಿಂದ ಹಾಲಿನ ವ್ಯಾನ್ ಬಂದರೆ ಬಲ ಅಂಚಿನಲ್ಲಿರುವವನಿಗೆ ಜಾಗವೇ ಇರುವುದಿಲ್ಲ.

ವಾಹನದ ಸ್ಥಿತಿ

ಬೈಕಿನ ತಿರುವಿನ ನಡತೆಯನ್ನು ಸುಧಾರಿಸಲು ದುಬಾರಿ ಬಿಡಿಭಾಗಗಳು ಬೇಕೆಂಬ ನಂಬಿಕೆ ಯುವಕರಲ್ಲಿದೆ. ಹಿಂದೆ ಅಗಲವಾದ ಟೈರು ಹಾಕಿಸುವುದು ಈಗಿನ ರೂಢಿ. ಅಗಲವಾದ ಟೈರಿನ ಬೈಕು ಅದೇ ತಿರುವನ್ನು ಅದೇ ವೇಗದಲ್ಲಿ ದಾಟಲು ಮೊದಲಿಗಿಂತ ತುಸು ಹೆಚ್ಚೇ ವಾಲಬೇಕಾಗುತ್ತದೆ ಎಂಬುದು ಹಾಕಿಸುವವರಿಗಾಗಲಿ ಹಾಕುವವರಿಗಾಗಲಿ ಸಾಮಾನ್ಯವಾಗಿ ತಿಳಿದಿರುವುದಿಲ್ಲ. ಕಾರ್ಖಾನೆ ನಿಗದಿಪಡಿಸಿದ ಅಳತೆಯ ಟೈರು, ಅದರಲ್ಲಿ ಸರಿಯಾದ ಗಾಳಿ, ಇವೆರಡೇ ಅತಿ ಅಗ್ಗದ ಮತ್ತು ಅತಿ ಪರಿಣಾಮಕಾರಿ ಸುಧಾರಣೆಗಳು.

ಗಾಳಿಯ ಒತ್ತಡ ಎಷ್ಟಿರಬೇಕೆಂಬುದನ್ನು ಬಹುತೇಕ ಬೈಕುಗಳಲ್ಲಿ ಚೈನ್ ಕವರಿನ ಮೇಲೆ ಅಥವಾ ಅದರ ಸಮೀಪದ ಚೀಟಿಯಲ್ಲಿ ಮುದ್ರಿಸಿರುತ್ತಾರೆ. ಒಬ್ಬರೇ ಸಾಗುವಾಗ ಒಂದು, ಇಬ್ಬರಿರುವಾಗ ಹಿಂದಿನ ಚಕ್ರಕ್ಕೆ ಹೆಚ್ಚಿನ ಇನ್ನೊಂದು ಅಂಕಿ ಇರುತ್ತದೆ. ಟೈರು ತಣ್ಣಗಿರುವಾಗ, ಹದಿನೈದು ದಿನಕ್ಕೊಮ್ಮೆಯಾದರೂ, ಅಳೆಯಬೇಕು. ಪಂಕ್ಚರ್ ಅಂಗಡಿಯಲ್ಲಿ ಟೈರನ್ನು ಬೆರಳಿನಿಂದ ಒತ್ತಿ ‘ಸಾಕು’ ಎನ್ನುವುದು ಅಳತೆಯಲ್ಲ. ಗಾಳಿ ಕಡಿಮೆಯಾದ ಟೈರು ತಿರುವಿನಲ್ಲಿ ಅಡ್ಡಕ್ಕೆ ಬಳುಕಿ, ಬೈಕು ತೇಲಿದಂತಾಗುತ್ತದೆ. ಗಾಳಿ ಹೆಚ್ಚಾದರೆ ನೆಲಕ್ಕೆ ತಾಗುವ ಭಾಗ ಕಿರಿದಾಗಿ ಜಲ್ಲಿಯ ಮೇಲೆ ಪುಟಿಯುತ್ತದೆ. ಎರಡು ಚಕ್ರಗಳೂ ನೆಲಕ್ಕೆ ತಾಗುವುದು ಅಂಗೈಯಷ್ಟು ಜಾಗದಲ್ಲಿ ಮಾತ್ರ.

ದ್ವಿಚಕ್ರ ವಾಹನದ ಟೈರಿನ ಪಟ್ಟಿಯ ಆಳ 0.8 ಮಿಲಿಮೀಟರಿಗಿಂತ ಕಡಿಮೆಯಿರಬಾರದೆಂದು ಕೇಂದ್ರ ಮೋಟಾರು ವಾಹನ ನಿಯಮಗಳು ಹೇಳುತ್ತವೆ. ಕಾನೂನಿನ ಕನಿಷ್ಠ ಮಿತಿಯನ್ನು ಸುರಕ್ಷತೆಯ ಮಟ್ಟವೆಂದು ತಿಳಿಯಬಾರದು. ಆಳಕ್ಕಿಂತ ಮುಂಚೆಯೇ ಕೆಡುವುದು ಟೈರಿನ ಆಕಾರ. ನೇರ ರಸ್ತೆಯಲ್ಲಿ ಭಾರ ಹೊತ್ತು ಓಡಿದ ಹಿಂದಿನ ಟೈರು ನಡುವೆ ಸವೆದು ಚಪ್ಪಟೆಯಾಗುತ್ತದೆ. ಅಂತಹ ಟೈರು ವಾಲುವಾಗ ಒಂದು ಅಂಚನ್ನು ದಾಟಿ ಧುತ್ತೆಂದು ಬೀಳುವಂತೆ ವರ್ತಿಸುತ್ತದೆ. ಮೇಲಿಂದ ನೋಡಿದರೆ ಪಟ್ಟಿ ಉಳಿದಿರುತ್ತದೆ. ಹಿಂದಿನಿಂದ ಕುಳಿತು ನೋಡಿದರೆ ದುಂಡು ಹೋಗಿರುವುದು ಕಾಣುತ್ತದೆ.

ಭಾರದ ವಿಷಯ ಗ್ರಾಮಗಳಿಗೆ ವಿಶೇಷವಾಗಿ ಸಂಬಂಧಿಸಿದುದು. ಮುಂದಿನ ಫೋರ್ಕು ಹಿಂದಕ್ಕೆ ವಾಲಿರುವುದರಿಂದ, ಅದರ ರೇಖೆಯನ್ನು ನೆಲದವರೆಗೆ ಎಳೆದರೆ ಅದು ಮುಂಚಕ್ರ ನೆಲ ಮುಟ್ಟುವ ಬಿಂದುವಿಗಿಂತ ಕೆಲವು ಅಂಗುಲ ಮುಂದೆ ಬೀಳುತ್ತದೆ. ಈ ಅಂತರವೇ ಹ್ಯಾಂಡಲನ್ನು ನೇರವಾಗಿ ಹಿಡಿದಿಡುವ ಗುಣಕ್ಕೆ ಮುಖ್ಯ ಕಾರಣ. ಹಿಂಬದಿಯಲ್ಲಿ ಎರಡು ಹಾಲಿನ ಕ್ಯಾನ್ ಅಥವಾ ಎರಡು ಮೂಟೆ ಪಶು ಆಹಾರ ಹೇರಿದಾಗ ಹಿಂಭಾಗ ಕುಸಿಯುತ್ತದೆ, ಮುಂಭಾಗ ಏಳುತ್ತದೆ, ಆ ಅಂತರ ಹೆಚ್ಚುತ್ತದೆ. ಬೈಕು ತಿರುಗಲು ಮೊಂಡು ಮಾಡಿ ತಿರುವಿನ ಹೊರ ಅಂಚಿಗೆ ಓಡುತ್ತದೆ. ಜೊತೆಗೆ ಮುಂಚಕ್ರದ ಮೇಲಿನ ಭಾರ ತಗ್ಗಿ ಅದರ ಹಿಡಿತವೂ ತಗ್ಗುತ್ತದೆ. ಅರ್ಧ ತುಂಬಿದ ಕ್ಯಾನ್ ತುಂಬಿದ ಕ್ಯಾನಿಗಿಂತ ಅಪಾಯಕರ, ಏಕೆಂದರೆ ತಿರುವಿನ ಮಧ್ಯೆ ಹಾಲು ತುಳುಕಿ ಭಾರ ಸ್ಥಳ ಬದಲಿಸುತ್ತದೆ. ಭಾರ ಸಾಗಿಸುವುದು ಅನಿವಾರ್ಯವಾದಲ್ಲಿ ಅದನ್ನು ಎರಡೂ ಬದಿಗೆ ಸಮನಾಗಿ, ಸಾಧ್ಯವಾದಷ್ಟು ಕೆಳಗೆ ಮತ್ತು ಸೀಟಿಗೆ ಹತ್ತಿರವಾಗಿ ಕಟ್ಟಬೇಕು. ಹಿಂದಿನ ಶಾಕ್ ಅಬ್ಸಾರ್ಬರ್‌ಗಳ ಬುಡದಲ್ಲಿರುವ ಹಂತಗಳನ್ನು ಎರಡೂ ಕಡೆ ಒಂದೇ ಸಮನಾಗಿ ಏರಿಸಬೇಕು. ಈ ಹಂತಗಳು ಇರುವುದೇ ಅನೇಕರಿಗೆ ತಿಳಿಯದು, ವಾಹನ ಕೊಂಡ ದಿನದಿಂದ ಅವು ಅಲುಗಿರುವುದಿಲ್ಲ.

ಉಳಿದವುಗಳನ್ನು ಮೆಕ್ಯಾನಿಕ್ ಬಳಿ ಅರ್ಧ ಗಂಟೆಯಲ್ಲಿ ಪರೀಕ್ಷಿಸಬಹುದು. ಮುಂದಿನ ಬ್ರೇಕು ಹಿಡಿದು ಬೈಕನ್ನು ಹಿಂದೆ ಮುಂದೆ ಅಲುಗಿಸಿದಾಗ ಹ್ಯಾಂಡಲಿನ ಬುಡದಲ್ಲಿ ಟಕ್ ಎಂಬ ಸದ್ದು ಬಂದರೆ ಕೋನ್ ಸೆಟ್ ಸವೆದಿದೆ. ಹಿಂಚಕ್ರವನ್ನು ಅಡ್ಡಕ್ಕೆ ಅಲುಗಿಸಿದಾಗ ಸಡಿಲವೆನಿಸಿದರೆ ಬೇರಿಂಗ್ ಅಥವಾ ಬುಷ್ ಹೋಗಿದೆ. ಚೈನ್ ಬಿಗಿ ಮಾಡಿದಾಗ ಎರಡೂ ಬದಿಯ ಗುರುತುಗಳು ಒಂದೇ ಗೆರೆಯಲ್ಲಿರಬೇಕು, ಇಲ್ಲವಾದರೆ ಹಿಂಚಕ್ರ ಓರೆಯಾಗಿ ಓಡುತ್ತದೆ. ಸೈಡ್ ಸ್ಟ್ಯಾಂಡ್ ಮಡಿಸದೆ ಹೊರಟ ಬೈಕು ಮೊದಲ ಎಡ ತಿರುವಿನಲ್ಲಿಯೇ ನೆಲಕ್ಕೆ ತಾಗುತ್ತದೆ.

ರಸ್ತೆಯ ಪಾಲು: ಹಗ್ಗ ಮತ್ತು ಟೇಪು

ಇಲ್ಲಿಯವರೆಗಿನದು ಸವಾರರಿಗೆ ಹೇಳಬಹುದಾದ ವಿಷಯ. ಮುಂದಿನದು ಸದಸ್ಯರೇ ಮಾಡಬಹುದಾದ ಕೆಲಸ.

ವಾರ್ಡಿನ ತಿರುವೊಂದರ ತ್ರಿಜ್ಯವನ್ನು ಅಳೆಯಲು ಯಾವ ಉಪಕರಣವೂ ಬೇಡ. 20 ಮೀಟರ್ ಉದ್ದದ ಹಗ್ಗದ ಎರಡು ತುದಿಗಳನ್ನು ತಿರುವಿನ ಹೊರ ಅಂಚಿನ ಮೇಲೆ ಇಬ್ಬರು ಬಿಗಿಯಾಗಿ ಹಿಡಿಯಬೇಕು. ಹಗ್ಗವು ರಸ್ತೆಯ ಮೇಲೆ ನೇರ ಗೆರೆಯಾಗಿ ನಿಲ್ಲುತ್ತದೆ. ಹಗ್ಗದ ನಡುಬಿಂದುವಿನಿಂದ ಹೊರ ಅಂಚಿಗೆ ಎಷ್ಟು ಅಂತರವಿದೆಯೆಂದು ಟೇಪಿನಿಂದ ಅಳೆಯಬೇಕು. 50ನ್ನು ಆ ಅಂತರದಿಂದ ಭಾಗಿಸಿ, ಅಂತರದ ಅರ್ಧವನ್ನು ಕೂಡಿದರೆ ಹೊರ ಅಂಚಿನ ತ್ರಿಜ್ಯ ಮೀಟರುಗಳಲ್ಲಿ ಬರುತ್ತದೆ. ಅಂತರ 1.6 ಮೀಟರ್ ಇದ್ದರೆ ತ್ರಿಜ್ಯ 32 ಮೀಟರ್. ಅದರಲ್ಲಿ ರಸ್ತೆಯ ಅರ್ಧ ಅಗಲ ಕಳೆದರೆ ನಡುಗೆರೆಯ ತ್ರಿಜ್ಯ, ಸುಮಾರು 30.

ಈ ತ್ರಿಜ್ಯಕ್ಕೆ ತಕ್ಕ ವೇಗವನ್ನು ಭಾರತೀಯ ರಸ್ತೆ ಕಾಂಗ್ರೆಸ್ಸಿನ ವಿನ್ಯಾಸ ಸೂತ್ರದಿಂದ ಪಡೆಯಬಹುದು. ವಿನ್ಯಾಸದಲ್ಲಿ ಅಡ್ಡ ಘರ್ಷಣೆಯನ್ನು 0.15 ಮಾತ್ರ ಎಂದು ಎಣಿಸುತ್ತಾರೆ, ಏಕೆಂದರೆ ವಿನ್ಯಾಸವು ಜಾರುವ ಅಂಚಿನಲ್ಲಿರಬಾರದು. ತಿರುವಿನ ಹೊರ ಅಂಚನ್ನು ಬಯಲು ಪ್ರದೇಶದಲ್ಲಿ ಗರಿಷ್ಠ ಶೇಕಡ 7ರಷ್ಟು ಎತ್ತರಿಸಬಹುದು. ಹಾಗೆ ಪೂರ್ಣವಾಗಿ ಎತ್ತರಿಸಿದ 30 ಮೀಟರ್ ತ್ರಿಜ್ಯದ ತಿರುವು ಗಂಟೆಗೆ 29 ಕಿಲೋಮೀಟರಿಗೆ ತಕ್ಕುದು. ಎತ್ತರಿಸದೆ, ನೇರ ರಸ್ತೆಯಲ್ಲಿರುವಂತೆಯೇ ನಡು ಉಬ್ಬಿಸಿ ಎರಡೂ ಕಡೆ ಶೇಕಡ 3ರಷ್ಟು ಇಳಿಸಿದ್ದರೆ ಹೊರಬದಿಯ ಸವಾರನ ಪಾಲಿಗೆ ರಸ್ತೆಯೇ ಹೊರಕ್ಕೆ ವಾಲಿರುತ್ತದೆ. ಆಗ ಅದೇ ತಿರುವು ತಕ್ಕುದಾಗಿರುವುದು ಕೇವಲ 21 ಕಿಲೋಮೀಟರಿಗೆ. ಎಡಬದಿಯಲ್ಲಿ ಚಲಿಸುವ ನಮ್ಮ ದೇಶದಲ್ಲಿ ಬಲ ತಿರುವಿನ ಸವಾರ ಯಾವಾಗಲೂ ಹೊರಬದಿಯಲ್ಲಿಯೇ ಇರುತ್ತಾನೆ. ಕೆರೆ ಏರಿಯಿಂದ ಇಳಿದು ಬರುವವನ ಸ್ಥಿತಿ ಇದೇ. ಗುತ್ತಿಗೆದಾರರು ನೇರ ಭಾಗದ ಉಬ್ಬನ್ನೇ ತಿರುವಿನಲ್ಲಿಯೂ ಮುಂದುವರಿಸಿದ ರಸ್ತೆಗಳು ಅಪರೂಪವಲ್ಲ. ಅಂದಾಜು ಪಟ್ಟಿಯಲ್ಲಿ ಉದ್ದ, ಅಗಲ, ದಪ್ಪ ಇರುತ್ತವೆ, ಓರೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಮಣ್ಣಿನ ಸಮಸ್ಯೆ ಹೆಚ್ಚಾಗಿ ಒಳಬದಿಯದು. ಟ್ರ್ಯಾಕ್ಟರಿನ ಟ್ರೈಲರ್ ತಿರುವಿನಲ್ಲಿ ಮುಂದಿನ ಚಕ್ರಗಳ ಜಾಡು ಬಿಟ್ಟು ಒಳಕ್ಕೆ ಸರಿದು ರಸ್ತೆಯ ಬದಿಯ ಮಣ್ಣನ್ನು ಮೆಟ್ಟಿ ಡಾಂಬರಿನ ಮೇಲೆ ಎಳೆದು ತರುತ್ತದೆ. ಗುಡಿಸಿದರೆ ವಾರದೊಳಗೆ ಮತ್ತೆ ಬರುತ್ತದೆ. ಆದುದರಿಂದ ಗುಡಿಸುವುದರ ಜೊತೆಗೆ ಒಳ ಅಂಚಿನ ಬದಿಯನ್ನು ಒಂದು ಮೀಟರಿನಷ್ಟು ಜಲ್ಲಿ ಹಾಕಿ ಗಟ್ಟಿ ಮಾಡಿ ರಸ್ತೆಯ ಮಟ್ಟಕ್ಕೆ ತರಬೇಕು. ಮಲೆನಾಡಿನ ನೆರಳಿನ ತಿರುವುಗಳಲ್ಲಿ ಈ ಜಾಗವನ್ನು ಪಾಚಿ ಆಕ್ರಮಿಸುತ್ತದೆ. ಅಲ್ಲಿ ಮರದ ಕೊಂಬೆ ಸವರಿ ಬಿಸಿಲು ಬಿಡಿಸುವುದು, ಚರಂಡಿ ನೀರು ರಸ್ತೆ ದಾಟದಂತೆ ಮಾಡುವುದು ಮುಖ್ಯ.

ಸುಗ್ಗಿಯಲ್ಲಿ ಹುರುಳಿ, ರಾಗಿಯನ್ನು ರಸ್ತೆಗೆ ಹರಡಿ ವಾಹನಗಳಿಂದ ಒಕ್ಕಣೆ ಮಾಡಿಸುವ ರೂಢಿಯ ಬಗ್ಗೆ ಸದಸ್ಯರಿಗೆ ಮುಜುಗರವಿರುವುದು ಸಹಜ. ಹರಡುವವರು ಅವರ ಮತದಾರರೇ, ಕೆಲವೊಮ್ಮೆ ನೆಂಟರೇ. ಕಣವಿಲ್ಲದ ರೈತ ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆಯೂ ನ್ಯಾಯವಾದುದೇ. ಹುರುಳಿ ಸೊಪ್ಪು ಬೈಕಿನ ಚಕ್ರಕ್ಕೆ ಸುತ್ತಿಕೊಳ್ಳುತ್ತದೆ, ಕಾಳು ಗೋಲಿಯಂತೆ ಟೈರಿನಡಿ ಉರುಳುತ್ತದೆ. ಸಾಮೂಹಿಕ ಕಣ ನಿರ್ಮಾಣವಾಗುವವರೆಗೆ ಕನಿಷ್ಠ ತಿರುವುಗಳಲ್ಲಿ, ಇಳಿಜಾರುಗಳಲ್ಲಿ ಮತ್ತು ಕೆರೆ ಏರಿಯ ಮೇಲೆ ಹರಡಕೂಡದೆಂಬ ಒಂದು ಗೆರೆಯನ್ನು ಗ್ರಾಮಸಭೆಯಲ್ಲಿಯೇ, ಎಲ್ಲರ ಒಪ್ಪಿಗೆಯಿಂದ, ಎಳೆಯಬಹುದು. ಪೂರ್ಣ ನಿಷೇಧದ ನಿರ್ಣಯಗಳು ನಡಾವಳಿ ಪುಸ್ತಕದಿಂದ ಹೊರಗೆ ಬಂದುದು ಕಡಿಮೆ.

ಪೊದೆ ಕಡಿಯುವುದಕ್ಕೂ ಒಂದು ಲೆಕ್ಕವಿದೆ. ಗಂಟೆಗೆ 30 ಕಿಲೋಮೀಟರ್ ವೇಗದ ವಾಹನ ನಿಲ್ಲಲು 30 ಮೀಟರ್ ಮುಂದಿನ ದೃಷ್ಟಿ ಬೇಕು. 30 ಮೀಟರ್ ತ್ರಿಜ್ಯದ ತಿರುವಿನಲ್ಲಿ ಅಷ್ಟು ದೂರ ಕಾಣಬೇಕಾದರೆ ನಡುಗೆರೆಯಿಂದ ಒಳಕ್ಕೆ ಸುಮಾರು 3.7 ಮೀಟರ್, ಅಂದರೆ ಡಾಂಬರಿನ ಅಂಚಿನಿಂದ ಎರಡು ಮೀಟರಿನಷ್ಟು, ಬಯಲಾಗಿರಬೇಕು. ಇದು ಸಾಧ್ಯವಾದ ಕೆಲಸ. ಆದರೆ ಒಂದೇ ಪಥದ ರಸ್ತೆಯಲ್ಲಿ ಎದುರುಬದುರು ಬರುವ ಇಬ್ಬರೂ ನಿಲ್ಲಬೇಕಾದರೆ ದೃಷ್ಟಿಯ ದೂರ 60 ಮೀಟರ್ ಇರಬೇಕು. ಆಗ ಬಯಲಾಗಬೇಕಾದ ಅಗಲ ನಡುಗೆರೆಯಿಂದ 14 ಮೀಟರ್ ಸಮೀಪಕ್ಕೆ ಏರುತ್ತದೆ, ಅದು ಯಾರದೋ ತೋಟವಾಗಿರುತ್ತದೆ. ಹೀಗಾಗಿ ಪೊದೆ ಕಡಿದರೆ ಕೆಲಸ ಮುಗಿಯುವುದಿಲ್ಲ. ಹೊರಬದಿಯಲ್ಲಿ ಉಬ್ಬುಗನ್ನಡಿ ನಿಲ್ಲಿಸಿ, ವೇಗವನ್ನು ತಿರುವಿಗೆ ಮುನ್ನವೇ ಇಳಿಸಬೇಕು.

ವೇಗ ಇಳಿಸುವುದೆಂದರೆ ಹಂಪ್ ಹಾಕುವುದು ಎಂದೇ ಎಲ್ಲರೂ ಅರ್ಥಮಾಡಿಕೊಳ್ಳುತ್ತಾರೆ. ಅಪಘಾತವಾದ ಮರುದಿನ ಸದಸ್ಯರ ಮನೆ ಬಾಗಿಲಿಗೆ ಬರುವ ಬೇಡಿಕೆಯೂ ಅದೇ. ಬಿದ್ದ ಜಾಗದಲ್ಲಿಯೇ, ಅಂದರೆ ತಿರುವಿನ ನಡುವೆಯೇ, ಉಳಿದ ಕಾಂಕ್ರೀಟಿನಿಂದ ಕಿರಿದಾದ ದಿಬ್ಬವೊಂದು ಏಳುತ್ತದೆ. ವಾಲಿಕೊಂಡು ಬಂದ ಬೈಕು ಅದನ್ನು ಹತ್ತಿಳಿಯುವಾಗ ಚಕ್ರದ ಮೇಲಿನ ಭಾರ ಒಂದು ಕ್ಷಣ ಇಲ್ಲವಾಗುತ್ತದೆ, ಭಾರವಿಲ್ಲದ ಚಕ್ರಕ್ಕೆ ಹಿಡಿತವಿಲ್ಲ. ರಾತ್ರಿಯಲ್ಲಿ ಅದು ಕಾಣುವುದೂ ಇಲ್ಲ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾನದಂಡದ ಹಂಪ್ 3.7 ಮೀಟರ್ ಅಗಲ, ನಡುವೆ 10 ಸೆಂಟಿಮೀಟರ್ ಎತ್ತರವಿದ್ದು, ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ದಾಟಲು ಯೋಗ್ಯವಾಗಿರುತ್ತದೆ. ಅದರ ಸ್ಥಾನ ತಿರುವಿಗೆ ಮುನ್ನ, ರಸ್ತೆ ನೇರವಾಗಿರುವಲ್ಲಿ. ಮುಂಚಿತ ಎಚ್ಚರಿಕೆಯ ಫಲಕ ಮತ್ತು ಬಣ್ಣದ ಪಟ್ಟಿ ಇಲ್ಲದೆ ಹಂಪ್ ಇರಕೂಡದು. ಬೇಡಿಕೆ ತಂದವರಿಗೆ ‘ಇಲ್ಲಿ ಬೇಡ, ಅಲ್ಲಿ’ ಎಂದು ಹೇಳುವುದು ಕಷ್ಟವೇ, ಆದರೂ ಹೇಳಬೇಕಾಗಿದೆ. ರಸ್ತೆ ಸುರಕ್ಷತೆಯ ಮಾನದಂಡ ಪಾಲಿಸದ ಕಾರಣ ಸಾವು ಅಥವಾ ಅಂಗವೈಕಲ್ಯ ಉಂಟಾದಲ್ಲಿ ಹೊಣೆಗಾರ ಪ್ರಾಧಿಕಾರ, ಗುತ್ತಿಗೆದಾರ ಅಥವಾ ಸಮಾಲೋಚಕರಿಗೆ ಒಂದು ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಲು ಮೋಟಾರು ವಾಹನ ಅಧಿನಿಯಮಕ್ಕೆ 2019ರಲ್ಲಿ ಸೇರಿಸಿದ 198ಎ ಕಲಂ ಅವಕಾಶ ನೀಡಿದೆ.

ಕೆರೆ ಏರಿಯ ತಿರುವಿಗೆ ಮರಳಿದರೆ, ಅಲ್ಲಿ ಮೊದಲು ಕೈಗೊಳ್ಳಬೇಕಾದುದು ಪೊದೆ ಸವರುವುದು ಮತ್ತು ಮಣ್ಣು ತೆಗೆಯುವುದು. ಇವೆರಡೂ ಪಂಚಾಯಿತಿಯ ಸ್ವಂತ ಸಂಪನ್ಮೂಲದಿಂದ, ಮುಂಗಾರಿಗೆ ಮುನ್ನ, ಎರಡು ದಿನದಲ್ಲಿ ಆಗುವ ಕೆಲಸ. ಏರಿಯ ನೇರ ಭಾಗದ ಕೊನೆಯಲ್ಲಿ ತಿರುವಿನ ಫಲಕ, ಹಳ್ಳದ ಅಂಚಿಗೆ ಸುಣ್ಣ ಬಳಿದ ಕಲ್ಲುಗಂಬಗಳು ಅದರ ನಂತರ. ಏರಿಯ ಮೇಲೆ ಹಂಪ್ ಹಾಕುವುದಕ್ಕೂ ಗುಂಡಿ ತೋಡುವುದಕ್ಕೂ ಮುನ್ನ ಕೆರೆ ಯಾವ ಇಲಾಖೆಯ ಸುಪರ್ದಿಯಲ್ಲಿದೆಯೋ ಆ ಇಲಾಖೆಯ ಒಪ್ಪಿಗೆ ಪಡೆಯಬೇಕು. ಹೊರ ಅಂಚನ್ನು ಎತ್ತರಿಸುವುದು ಮರುಡಾಂಬರೀಕರಣದ ಸಮಯದಲ್ಲಿ ಮಾತ್ರ ಸಾಧ್ಯವಾದುದರಿಂದ, ಹಗ್ಗದಿಂದ ಅಳೆದ ತ್ರಿಜ್ಯವನ್ನು ನಮೂದಿಸಿ ಪಂಚಾಯತ್ ರಾಜ್ ಇಂಜಿನಿಯರಿಂಗ್ ಉಪವಿಭಾಗಕ್ಕೆ ಈಗಲೇ ಪತ್ರ ಬರೆದು, ಮುಂದಿನ ಅಂದಾಜು ಪಟ್ಟಿಯಲ್ಲಿ ಆ ಅಂಶ ಸೇರುವಂತೆ ನೋಡಿಕೊಳ್ಳಬೇಕು.

ಡಾಂಬರೀಕರಣ ಮುಗಿದ ಮೇಲೆ ಓರೆ ಸರಿಯಾಗಿದೆಯೇ ಎಂದು ತಿಳಿಯಲು ಸದಸ್ಯರು ಒಂದು ಕೊಡ ನೀರನ್ನು ತಿರುವಿನ ನಡುಗೆರೆಗಿಂತ ಹೊರಕ್ಕೆ ಸುರಿದು ನೋಡಬಹುದು. ನೀರು ರಸ್ತೆಯನ್ನು ಅಡ್ಡಲಾಗಿ ದಾಟಿ ಒಳ ಅಂಚಿಗೆ ಹರಿದರೆ ಹೊರ ಅಂಚು ಎತ್ತರವಾಗಿದೆ. ಹಳ್ಳದ ಕಡೆಗೆ ಹರಿದರೆ ಆಗಿಲ್ಲ. ಅದನ್ನು ಅಂತಿಮ ಬಿಲ್ ಪಾವತಿಗೆ ಮುನ್ನವೇ ಲಿಖಿತವಾಗಿ ಇಂಜಿನಿಯರರ ಗಮನಕ್ಕೆ ತರತಕ್ಕದ್ದು.